1054ರ ಅತಿಥಿ

ಏಡಿ ನೀಹಾರಿಕೆ ಅನ್ನುವ, ಆಕಾಶದ ಧೂಳು ಅನಿಲದ ಮೋಡವನ್ನು ಮೊದಲ ಸಲ ದೂರದರ್ಶಕದಲ್ಲಿ ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗಿತ್ತು. ಡಿಸೆಂಬರ್ ಚಳಿಯಲ್ಲಿ ಊರ ಹೊರಗಿನ ಬಯಲಲ್ಲಿ ಶಾಲು ಹೊದ್ದು ಅರ್ಧ ಗಂಟೆ ಸಾಲಲ್ಲಿ ನಿಂತು, ಕೊನೆಗೆ ಕಣ್ಣಿಟ್ಟರೆ ಕಂಡದ್ದು ಕನ್ನಡಕದ ಮೇಲೆ ಉಸಿರು ಬಿಟ್ಟಾಗ ಮೂಡುತ್ತದಲ್ಲ, ಅಂಥ ಒಂದು ಮಸುಕು ಕಲೆ. ಇಷ್ಟೇನಾ ಅನ್ನಿಸಿತು. ಆದರೆ ಇದೇ ಜಾಗದಲ್ಲಿ 1054ರ ಜುಲೈನಲ್ಲಿ ಒಂದು ನಕ್ಷತ್ರ ಹಾಡಹಗಲಲ್ಲೇ ಬರಿಗಣ್ಣಿಗೆ ಕಾಣುತ್ತಿತ್ತು.

ಆ ವರ್ಷ ನಮ್ಮ ಕಡೆ ಕಲ್ಯಾಣದ ಚಾಲುಕ್ಯ ದೊರೆ ಒಂದನೇ ಸೋಮೇಶ್ವರನ ಆಳ್ವಿಕೆ. ತಂಜಾವೂರಿನ ಚೋಳರಿಗೂ ಇವನಿಗೂ ಮುಗಿಯದ ಜಗಳ. ಹೆಚ್ಚಿನ ಪುಸ್ತಕಗಳು ಕೊಪ್ಪಂ ಕಾಳಗವನ್ನು ಇದೇ 1054ಕ್ಕೆ ಹಾಕುತ್ತವೆ. ಈ ಕೊಪ್ಪಂ ಅಂದರೆ ಇವತ್ತಿನ ಕೊಪ್ಪಳ ಅಂತ ಕೆಲವರು, ಇಲ್ಲ, ಕೃಷ್ಣಾ ದಂಡೆಯ ಖಿದ್ರಾಪುರ ಅಂತ ಇನ್ನು ಕೆಲವರು. ಆನೆ ಮೇಲೆ ಕೂತು ಕಾದಾಡುತ್ತಿದ್ದ ಚೋಳ ರಾಜಾಧಿರಾಜ ಅಲ್ಲೇ ಸತ್ತ. ತಮಿಳು ಶಾಸನಗಳು ಅವನನ್ನು 'ಆನೆ ಮೇಲೆ ಮಲಗಿದ ದೇವರು' ಅನ್ನುತ್ತವೆ. ಸತ್ತ ಅನ್ನುವುದನ್ನು ಇದಕ್ಕಿಂತ ಮರ್ಯಾದೆಯಾಗಿ ಹೇಳುವುದು ಕಷ್ಟ. ತಮ್ಮ ಎರಡನೇ ರಾಜೇಂದ್ರ ಓಡುತ್ತಿದ್ದ ಸೈನ್ಯವನ್ನು ತಡೆದು ನಿಲ್ಲಿಸಿ, ರಣರಂಗದಲ್ಲೇ ಪಟ್ಟ ಕಟ್ಟಿಸಿಕೊಂಡ. ಚೋಳರ ಶಾಸನ ಓದಿದರೆ ಸೋಮೇಶ್ವರ ಓಡಿಹೋದ. ಗದಗದ ಹತ್ತಿರದ ಗಾವರವಾಡದ ಶಾಸನ ಓದಿದರೆ, ಬೆಳ್ವೊಲ ನಾಡಿನ ಬಸದಿಗಳನ್ನು ಸುಟ್ಟ ಪಾಪಕ್ಕೆ ಚೋಳ ಅವನ ಕೈಯಲ್ಲಿ ತಲೆ ಕಳೆದುಕೊಂಡ. ಇಬ್ಬರೂ ಗೆದ್ದರು, ಅಲ್ವಾ!

ಈಗ ನಕ್ಷತ್ರಕ್ಕೆ ಬರೋಣ. ಆಗ ಚೀನಾದಲ್ಲಿ ಸುಂಗ್ ವಂಶದ ರೆನ್‌ಝಾಂಗ್ ಚಕ್ರವರ್ತಿ, ರಾಜಧಾನಿ ಕೈಫೆಂಗ್. ಅಲ್ಲಿ ಆಕಾಶ ನೋಡುವುದು ಸಂಬಳ ಕೊಟ್ಟು ಮಾಡಿಸುತ್ತಿದ್ದ ಸರ್ಕಾರಿ ಕೆಲಸ. ಮೇಲೆ ಏನೇ ಹೊಸದು ಕಂಡರೂ ಅದು ಅರಸನಿಗೆ ಬಂದ ಸೂಚನೆ, ಹಾಗಾಗಿ ಒಂದು ರಾತ್ರಿಯೂ ಬಿಡುವ ಹಾಗಿರಲಿಲ್ಲ. ಜುಲೈ 4ರ ಬೆಳಗಿನ ಜಾವ ವೃಷಭ ರಾಶಿಯ ಕೊಂಬಿನ ತುದಿಯ ಹತ್ತಿರ ಹಿಂದೆಂದೂ ಇಲ್ಲದ ಒಂದು ಚುಕ್ಕಿ ಕಂಡಿತು. ಹೀಗೆ ಬಂದು ಹೋಗುವುದಕ್ಕೆ ಅವರು ಇಟ್ಟ ಹೆಸರು 'ಅತಿಥಿ ನಕ್ಷತ್ರ'. ಕೆಂಪು ಬೆರೆತ ಬಿಳಿ ಬಣ್ಣ, ಸುತ್ತ ಕಿರಣಗಳು, 23 ದಿನ ಹಗಲಲ್ಲೂ ಶುಕ್ರನ ಹಾಗೆ ಕಾಣುತ್ತಿತ್ತು ಅಂತ ಬರೆದಿಟ್ಟಿದ್ದಾರೆ. ರಾತ್ರಿ ಆಕಾಶದಿಂದ ಅದು ಪೂರ್ತಿ ಮಾಯವಾಗಿದ್ದು 1056ರ ಏಪ್ರಿಲ್‌ನಲ್ಲಿ.

ಇದರ ವರದಿ ಒಪ್ಪಿಸಿದ ಯಾಂಗ್ ವೈದೆ ಅನ್ನುವ ಜ್ಯೋತಿಷಿ ನನಗೆ ಬಹಳ ಇಷ್ಟ. ಅತಿಥಿಯ ಮೇಲೆ ಹಳದಿ ಛಾಯೆ ಇದೆ, ಅದು ಪಕ್ಕದ ನಕ್ಷತ್ರ ಮಂಡಲದೊಳಗೆ ನುಗ್ಗಿಲ್ಲ, ಆದ್ದರಿಂದ ರಾಜ್ಯದಲ್ಲಿ ಮಹಾಪುರುಷರೊಬ್ಬರು ಇದ್ದಾರೆ ಅಂತ ಅರ್ಥ ಎಂದು ಹೇಳಿ, ಇದನ್ನು ಇತಿಹಾಸದ ಕಚೇರಿಗೆ ಕಳಿಸಿಕೊಡಿ ಅಂತ ಬೇಡಿಕೊಂಡ. ಹಳದಿ ಅಂದರೆ ಚಕ್ರವರ್ತಿಯ ಬಣ್ಣ. ಪಕ್ಕಾ ಆಸ್ಥಾನದ ಮಾತು. ಆದರೆ ಆ ಕಾಗದ ಫೈಲಿಗೆ ಸೇರಿತಲ್ಲ, ಅದೇ ನಮಗೆ ಲಾಭ.

ನಮ್ಮಲ್ಲಿ ಯಾಕೆ ಬರೆದಿಡಲಿಲ್ಲ? ಒಂದು, ಜುಲೈ ಅಂದರೆ ಮುಂಗಾರು. ಸೂರ್ಯ ಹುಟ್ಟುವುದಕ್ಕೆ ಎರಡು ಗಂಟೆ ಮೊದಲು ಮೂಡುವ ಚುಕ್ಕಿ ಎಷ್ಟೋ ದಿನ ಮೋಡದ ಹಿಂದೆಯೇ ಇದ್ದಿರಬೇಕು. ಆದರೆ ಮಳೆಗಾಲ ಮುಗಿದ ಮೇಲೂ ಅದು ಒಂದು ವರ್ಷಕ್ಕಿಂತ ಜಾಸ್ತಿ ಆಕಾಶದಲ್ಲಿತ್ತು. ನನ್ನ ಅನಿಸಿಕೆ ಬೇರೆ. ನಮ್ಮ ಶಾಸನಗಳಲ್ಲಿ ಸೂರ್ಯಗ್ರಹಣ, ಸಂಕ್ರಾಂತಿ, ವ್ಯತೀಪಾತ ಎಲ್ಲ ಬೇಕಾದಷ್ಟು ಸಿಗುತ್ತವೆ, ಯಾಕೆಂದರೆ ದಾನ ಕೊಡುವುದಕ್ಕೆ ಅವು ಪುಣ್ಯಕಾಲ. ಪಂಚಾಂಗದಲ್ಲಿಲ್ಲದ ನಕ್ಷತ್ರಕ್ಕೆ ಯಾರು ಭೂಮಿ ದಾನ ಕೊಡುತ್ತಾರೆ? ದಾನ ಇಲ್ಲ ಅಂದರೆ ಕಲ್ಲೂ ಇಲ್ಲ.

ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಇವತ್ತಿನ ಇಸ್ತಾಂಬುಲ್) ಆಗ ಒಂಬತ್ತನೇ ಕಾನ್‌ಸ್ಟಂಟೈನ್ ಚಕ್ರವರ್ತಿ. ನಕ್ಷತ್ರ ಕಂಡು 12 ದಿನಕ್ಕೆ, ಜುಲೈ 16ರಂದು, ರೋಮಿನಿಂದ ಬಂದ ಕಾರ್ಡಿನಲ್ ಹಂಬರ್ಟ್ ಅಲ್ಲಿನ ದೊಡ್ಡ ಚರ್ಚು ಹಾಗಿಯಾ ಸೋಫಿಯಾದ ವೇದಿಕೆ ಮೇಲೆ ಬಹಿಷ್ಕಾರದ ಪತ್ರ ಇಟ್ಟು ಹೊರಟುಹೋದ. ಅವನನ್ನು ಕಳಿಸಿದ್ದ ಪೋಪ್ ಒಂಬತ್ತನೇ ಲಿಯೋ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದ. ಪೂರ್ವದ ಮತ್ತು ಪಶ್ಚಿಮದ ಚರ್ಚು ಬೇರೆಯಾದ ವರ್ಷ ಅಂತ ಪಠ್ಯಪುಸ್ತಕ ಹೇಳುವುದು ಇದನ್ನೇ. ಆಗ ಅದೇ ಊರಲ್ಲಿದ್ದ ಬಾಗ್ದಾದಿನ ವೈದ್ಯ ಇಬ್ನ್ ಬುಟ್ಲಾನ್ ಹೊಸ ನಕ್ಷತ್ರವನ್ನೂ ಬರೆದ, ಆ ವರ್ಷದ ಪಿಡುಗನ್ನೂ ಬರೆದ. ಸ್ಮಶಾನಗಳೆಲ್ಲ ತುಂಬಿ ಒಂದು ಚರ್ಚಿನೊಳಗೇ 14,000 ಹೆಣ ಹೂತರಂತೆ. ಅವನ ಲೆಕ್ಕದಲ್ಲಿ ಪಿಡುಗು ತಂದದ್ದೇ ಆ ನಕ್ಷತ್ರ. ಕೈಫೆಂಗ್‌ಗೆ ಮಹಾಪುರುಷನ ಸುದ್ದಿ, ಇಲ್ಲಿಗೆ ಸಾವಿನ ಸುದ್ದಿ.

ಅಸಲಿಗೆ ಅದು ಯಾರ ಸುದ್ದಿಯೂ ಆಗಿರಲಿಲ್ಲ. ಆ ಬೆಳಕು ಹೊರಟು ಆಗಲೇ ಸುಮಾರು 6,500 ವರ್ಷ ಆಗಿತ್ತು. ಸೂರ್ಯನಿಗಿಂತ ಹಲವು ಪಟ್ಟು ತೂಕದ ಒಂದು ನಕ್ಷತ್ರದ ಉರುವಲು ತೀರಿತು. ಒಳಗಿನ ಶಾಖ ಹೊರಕ್ಕೆ ತಳ್ಳುತ್ತಿದ್ದಷ್ಟು ದಿನ ಅದರ ಭಾರವನ್ನು ತಡೆದಿತ್ತು. ಆ ಆಸರೆ ತಪ್ಪಿದ್ದೇ ನಡುಭಾಗ ಒಂದು ಸೆಕೆಂಡಿನೊಳಗೆ ಕುಸಿದು ಗಟ್ಟಿಯಾಯಿತು, ಹೊರಮೈ ಸಿಡಿದು ಚದುರಿತು. ಇದೇ ಸೂಪರ್‌ನೋವಾ.

ಆ ಚದುರಿದ ಚೂರುಗಳೇ ಏಡಿ ನೀಹಾರಿಕೆ. 1731ರಲ್ಲಿ ಇಂಗ್ಲೆಂಡಿನ ಜಾನ್ ಬೆವಿಸ್ ಕಂಡ. 1758ರಲ್ಲಿ ಫ್ರಾನ್ಸಿನ ಮೆಸ್ಸಿಯೇ ಧೂಮಕೇತು ಹುಡುಕುವಾಗ ಇದಕ್ಕೆ ಎಡವಿ, ಇನ್ನೊಬ್ಬರು ಮೋಸ ಹೋಗದಿರಲಿ ಅಂತ ಪಟ್ಟಿ ಶುರು ಮಾಡಿದ. ಅದರಲ್ಲಿ ಇದೇ ಒಂದನೇ ನಂಬರ್. 1921ರಲ್ಲಿ ಹಳೆಯ ಮತ್ತು ಹೊಸ ಫೋಟೋ ಪಕ್ಕಪಕ್ಕ ಇಟ್ಟು ನೋಡಿದಾಗ ಅದು ಹಿಗ್ಗುತ್ತಿರುವುದು ಗೊತ್ತಾಯಿತು. ಬಸ್ಸು ಎಷ್ಟು ದೂರ ಬಂದಿದೆ, ಎಷ್ಟು ವೇಗ ಅಂತ ತಿಳಿದರೆ ಯಾವಾಗ ಹೊರಟಿತು ಅಂತ ಹೇಳಬಹುದು, ಅಲ್ವಾ? ಎಡ್ವಿನ್ ಹಬಲ್ 1928ರಲ್ಲಿ ಹಾಗೆ ಲೆಕ್ಕ ಹಾಕಿ ಸುಮಾರು 900 ವರ್ಷ ಅಂದ. ಅಷ್ಟು ಹಿಂದಕ್ಕೆ ಹೋಗಿ ಆಕಾಶದ ಆ ಮೂಲೆಯಲ್ಲಿ ಯಾರಿಗಾದರೂ ಏನಾದರೂ ಕಂಡಿತ್ತಾ ಅಂತ ನೋಡಿದರೆ, ಕೈಫೆಂಗ್‌ನ ಅತಿಥಿ ಅಲ್ಲೇ ಕೂತಿದ್ದ.

ಕುಸಿದ ನಡುಭಾಗ 1968ರಲ್ಲಿ ಸಿಕ್ಕಿತು. ಸೂರ್ಯನಿಗಿಂತ ಜಾಸ್ತಿ ತೂಕ, ಅಗಲ ಮಾತ್ರ ಸುಮಾರು 20 ಕಿಲೋಮೀಟರ್, ಬೆಂಗಳೂರಿನ ಹೊರವರ್ತುಲ ರಸ್ತೆಯೊಳಗೆ ಹೆಚ್ಚುಕಡಿಮೆ ಹಿಡಿಸುತ್ತದೆ. ಅದು ಸೆಕೆಂಡಿಗೆ 30 ಸಲ ಗಿರಗಿರ ತಿರುಗುತ್ತಾ ದೀಪಸ್ತಂಭದ ಹಾಗೆ ನಮ್ಮ ಕಡೆ ಬೆಳಕು ಬೀಸುತ್ತದೆ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಇದರ ಎಕ್ಸ್-ಕಿರಣಗಳು ಯಾವ ದಿಕ್ಕಿನಲ್ಲಿ ಕಂಪಿಸುತ್ತವೆ, ಒಂದೊಂದು ಸುತ್ತಿನೊಳಗೂ ಅದು ಹೇಗೆ ಬದಲಾಗುತ್ತದೆ ಅಂತ ಅಳೆಯಿತು. ಆ ಉಪಗ್ರಹಕ್ಕೆ ಆಜ್ಞೆ ಹೋಗುವುದು ಬೆಂಗಳೂರಿನಿಂದ. ಚಾಲುಕ್ಯರ ನಾಡು ತಪ್ಪಿಸಿಕೊಂಡಿದ್ದನ್ನು ಈ ಕಡೆಯವರು ತಡವಾಗಿಯಾದರೂ ನೋಡಿದರು ಅಂತ ಸುಮ್ನೆ ಖುಷಿಪಡುತ್ತೇನೆ.

ಈ ಬುಗುರಿಗೆ ಸುಸ್ತೂ ಆಗುತ್ತಿದೆ. ಒಂದು ಸೆಕೆಂಡನ್ನು 100 ಕೋಟಿ ಚೂರು ಮಾಡಿದರೆ ಅದರಲ್ಲಿ ಸುಮಾರು 36 ಚೂರಿನಷ್ಟು, ದಿನದಿಂದ ದಿನಕ್ಕೆ ಒಂದು ಸುತ್ತಿಗೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಹಾಗೆ ಕಳೆದುಕೊಂಡ ಶಕ್ತಿಯೇ ಸುತ್ತಲಿನ ಧೂಳು ಅನಿಲವನ್ನು ಇವತ್ತಿಗೂ ಬೆಳಗಿಸುತ್ತಿರುವುದು. ಡಿಸೆಂಬರ್ ರಾತ್ರಿ ನನಗೆ ಕಂಡ ಆ ಮಂಜಿನ ಕಲೆ ಅದೇ.