ಆನ್‌ಲೈನ್‌ನಲ್ಲಿ ಕೊಳ್ಳುವ ಡಾರ್ಜಿಲಿಂಗ್ ಚಹಾ ಅಸಲಿಯೇ?

ಪ್ರಶ್ನೆ: ಸಣ್ಣ ಆನ್‌ಲೈನ್ ಅಂಗಡಿಯೊಂದರಲ್ಲಿ ಡಾರ್ಜಿಲಿಂಗ್ ಫಸ್ಟ್ ಫ್ಲಶ್, ಅಂದರೆ ವರ್ಷದ ಮೊದಲ ಚಿಗುರಿನ ಎಲೆಚಹಾ ಮಾರಾಟಕ್ಕಿದೆ. ದಿನಬಳಕೆಯ ಟೀ ಪುಡಿಗಿಂತ ಹಲವು ಪಟ್ಟು ದುಬಾರಿ. ಮುಟ್ಟಿ, ಮೂಸಿ ನೋಡಲು ಅವಕಾಶವಿಲ್ಲದಿರುವಾಗ ಅದು ಅಸಲಿಯೆಂದು ನಂಬುವುದು ಹೇಗೆ?

ಉತ್ತರ: ಬೆಲೆಯನ್ನಾಗಲಿ ಡಬ್ಬಿಯ ಅಂದವನ್ನಾಗಲಿ ನೋಡಿ ನಂಬಬೇಡಿ. ತೋಟದ ಹೆಸರು, ಕೊಯ್ಲಿನ ಕಾಲ, ಕೊಯ್ಲಿನ ವರ್ಷ, ಈ ಮೂರನ್ನೂ ಅಂಗಡಿಯವರು ಸ್ಪಷ್ಟವಾಗಿ ಬರೆದಿದ್ದಾರೆಯೇ ಎಂಬುದನ್ನು ಮೊದಲು ನೋಡಿ. ಬರೆದಿರದಿದ್ದರೆ ಕೇಳಿ, ಕೇಳಿದ ಮೇಲೂ ಹೇಳದವರ ಬಳಿ ಕೊಳ್ಳುವುದು ಬೇಡ.

ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣವಿದೆ. ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಬೆಟ್ಟಗಳಲ್ಲಿ ಕೇಂದ್ರ ಸರ್ಕಾರದ ಟೀ ಬೋರ್ಡ್ ಗುರುತಿಸಿರುವ 87 ತೋಟಗಳಲ್ಲಿ ಬೆಳೆದ ಚಹಾಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ನಂಜನಗೂಡು ರಸಬಾಳೆಯ ಹೆಸರನ್ನು ಇಂದು ಕಾಯುತ್ತಿರುವ ಜಿಐ (ಭೌಗೋಳಿಕ ಸೂಚಕ) ಕಾನೂನಿನ ಅಡಿಯಲ್ಲಿ ದೇಶದಲ್ಲೇ ಮೊದಲು ಮಾನ್ಯತೆ ಪಡೆದದ್ದು ಡಾರ್ಜಿಲಿಂಗ್ ಚಹಾ, 2004ರಲ್ಲಿ. ಆದರೆ ಒಂದು ಕಾಲಕ್ಕೆ ವರ್ಷಕ್ಕೆ ಒಂದು ಕೋಟಿ ಕಿಲೋ ದಾಟುತ್ತಿದ್ದ ಅಲ್ಲಿನ ಇಳುವರಿ ಈಗ 70 ಲಕ್ಷ ಕಿಲೋಗಿಂತ ಕೆಳಗಿಳಿದಿದೆ. 2017ರಲ್ಲಿ ಗೂರ್ಖಾಲ್ಯಾಂಡ್ ಎಂಬ ಪ್ರತ್ಯೇಕ ರಾಜ್ಯದ ಬೇಡಿಕೆಗಾಗಿ ನಡೆದ 104 ದಿನಗಳ ಬಂದ್‌ನಿಂದ ತೋಟಗಳು ಕೊಯ್ಲಿಲ್ಲದೆ ಕಾಡುಬಿದ್ದಾಗ, ಗಡಿಯಾಚೆ ಅದೇ ಬಗೆಯ ಇಳಿಜಾರುಗಳಲ್ಲಿ ಬೆಳೆಯುವ ನೇಪಾಳದ ಇಲಾಮ್ ಚಹಾಕ್ಕೆ ಬೇಡಿಕೆ ಏರಿತು. ಇಲಾಮ್‌ನಲ್ಲಿ ಬಹಳ ಒಳ್ಳೆಯ ಚಹಾ ತಯಾರಾಗುತ್ತದೆ, ಅದನ್ನು ಅದರ ಹೆಸರಿನಲ್ಲೇ ಕೊಂಡರೆ ನಷ್ಟವೇನಿಲ್ಲ. ಅದಕ್ಕೆ ಡಾರ್ಜಿಲಿಂಗ್ ಚೀಟಿ ಅಂಟಿಸಿ ಮಾರಿದಾಗ ಮಾತ್ರ ಕೊಳ್ಳುವವರಿಗೂ ಎರಡೂ ಕಡೆಯ ಬೆಳೆಗಾರರಿಗೂ ಅನ್ಯಾಯವಾಗುತ್ತದೆ.

ತೋಟದ ಹೆಸರಿನ ಜೊತೆಗೆ ಇನ್‌ವಾಯ್ಸ್ ಸಂಖ್ಯೆಯನ್ನೂ ಕೇಳಬಹುದು. ಡಾರ್ಜಿಲಿಂಗ್ ತೋಟಗಳು ತಯಾರಾದ ಒಂದೊಂದು ರಾಶಿಗೂ ವರ್ಷದ ಆರಂಭದಿಂದ ಡಿಜೆ-1, ಡಿಜೆ-2 ಎಂದು ಸಂಖ್ಯೆ ಕೊಡುತ್ತಾ ಹೋಗುವುದು ವಾಡಿಕೆ. ತೋಟದಿಂದ ನೇರವಾಗಿ ತರಿಸುವ ಸಣ್ಣ ವ್ಯಾಪಾರಿಯ ಕೈಯಲ್ಲಿ ಈ ಸಂಖ್ಯೆ ಇರುತ್ತದೆ, ಕೇಳಿದರೆ ಸಂತೋಷದಿಂದಲೇ ಹೇಳುತ್ತಾರೆ. ಸಣ್ಣ ಅಂಗಡಿಗಳ ಮೇಲೆ ನನಗೆ ಹೆಚ್ಚು ಭರವಸೆಯಿರುವುದು ಇದರಿಂದಲೇ. ಹಲವು ತೋಟಗಳ ಎಲೆಯನ್ನು ಬೆರೆಸಿ ಮಾರುವ ದೊಡ್ಡ ಬ್ರ್ಯಾಂಡ್‌ಗಳಿಂದ ಇಂಥ ಉತ್ತರವನ್ನು ನಿರೀಕ್ಷಿಸುವಂತಿಲ್ಲ. ಎಸ್‌ಎಫ್‌ಟಿಜಿಎಫ್‌ಒಪಿ ಎಂಬ ಉದ್ದನೆಯ ಅಕ್ಷರಮಾಲೆಗೆ ಮಾತ್ರ ಮರುಳಾಗಬೇಡಿ, ಏಕೆಂದರೆ ಅದು ಎಲೆಯ ಗಾತ್ರವನ್ನೂ ಕುಡಿಗಳ ಪ್ರಮಾಣವನ್ನೂ ಸೂಚಿಸುವ ದರ್ಜೆಯೇ ಹೊರತು ರುಚಿಯ ಖಾತರಿಯಲ್ಲ.

ದಿನಾಂಕದ ವಿಷಯದಲ್ಲಿಯೂ ಎಚ್ಚರ ಬೇಕು. ಡಬ್ಬಿಯ ಮೇಲಿರುವುದು ಪ್ಯಾಕ್ ಮಾಡಿದ ದಿನ, ಕೊಯ್ದ ದಿನವಲ್ಲ. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಕೊಯ್ದ ಎಲೆಯನ್ನು ಈ ತಿಂಗಳು ಡಬ್ಬಿಗೆ ತುಂಬಿದರೂ ಚೀಟಿಯಲ್ಲಿ ಈ ತಿಂಗಳೇ ಕಾಣುತ್ತದೆ. ಫಸ್ಟ್ ಫ್ಲಶ್‌ನ ಹೂವಿನಂಥ ಪರಿಮಳ ಬಹಳ ಬೇಗ ಕುಂದುವುದರಿಂದ, ಕೊಯ್ಲಿನ ವರ್ಷವನ್ನು ಬೇರೆಯಾಗಿಯೇ ಕೇಳಿ ತಿಳಿಯಬೇಕು.

ಮೊದಲ ಸಲ 25 ಗ್ರಾಂ ಅಥವಾ ಅದಕ್ಕೂ ಕಡಿಮೆ ತರಿಸಿ. ಬಂದ ಎಲೆಯನ್ನು ಬಿಳಿ ತಟ್ಟೆಯಲ್ಲಿ ಹರವಿ ನೋಡಿದರೆ ಬಹಳಷ್ಟು ತಿಳಿಯುತ್ತದೆ. ಚಳಿಗಾಲದ ವಿಶ್ರಾಂತಿಯ ನಂತರ, ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಬರುವ ಮೊದಲ ಚಿಗುರನ್ನು ಚೆನ್ನಾಗಿ ಬಾಡಿಸಿ ಹೊಸೆಯುವುದರಿಂದ ಅದು ಪೂರ್ತಿ ಕಪ್ಪಾಗುವುದಿಲ್ಲ. ಹಸಿರು, ಕಂದು, ನಡುನಡುವೆ ಬೆಳ್ಳಿಬಣ್ಣದ ಕುಡಿಗಳು ಒಟ್ಟಿಗೆ ಕಾಣಬೇಕು. 200 ಮಿಲಿ ನೀರಿಗೆ ಎರಡು, ಎರಡೂವರೆ ಗ್ರಾಂ ಎಲೆ ಹಾಕಿ, ಕುದಿದು ಒಂದೆರಡು ನಿಮಿಷ ಆರಿದ ನೀರಿನಲ್ಲಿ ಮೂರು ನಿಮಿಷ ನೆನೆಸಿ ಸೋಸಿದರೆ ತಿಳಿ ಹೊಂಬಣ್ಣದ ರಸ ಬರುತ್ತದೆ. ನೆನೆದ ಎಲೆಯೊಂದನ್ನು ಬೆರಳಿನಲ್ಲಿ ಬಿಡಿಸಿ: ಎರಡೆಲೆ, ಒಂದು ಕುಡಿ ಇನ್ನೂ ಕೂಡಿಕೊಂಡಿದ್ದರೆ ಕೊಯ್ಲು ಎಚ್ಚರಿಕೆಯಿಂದ ನಡೆದಿದೆ ಎಂದರ್ಥ. ಫಸ್ಟ್ ಫ್ಲಶ್ ಎಂದು ಮಾರಿದ ಎಲೆ ಒಂದೇ ಸಮನೆ ಕಪ್ಪಾಗಿದ್ದು ರಸ ಕೆಂಪಾಗಿದ್ದರೆ, ಅದು ಬೇರೆ ಕಾಲದ್ದೋ ಬೇರೆ ಊರಿನದ್ದೋ ಆಗಿರುವ ಸಾಧ್ಯತೆ ಹೆಚ್ಚು. ಮೇ, ಜೂನ್ ತಿಂಗಳ ಸೆಕೆಂಡ್ ಫ್ಲಶ್‌ನ ರಸವೇ ತಾಮ್ರದ ಬಣ್ಣದ್ದು. ಜಿಗಿಹುಳು ಮತ್ತು ನುಸಿಗಳು ಎಲೆಯ ರಸ ಹೀರಿದಾಗ ಗಿಡದಲ್ಲಿ ಆಗುವ ಬದಲಾವಣೆಯಿಂದ ಅದಕ್ಕೆ ಮಸ್ಕಟೆಲ್ ಎಂಬ ದ್ರಾಕ್ಷಿಯಂಥ ಪರಿಮಳ ಬರುತ್ತದೆ, ಅನೇಕರು ಅದನ್ನೇ ಹೆಚ್ಚು ಮೆಚ್ಚುತ್ತಾರೆ.

ಹಾಲು, ಸಕ್ಕರೆ ಹಾಕಿ ಕುದಿಸುವ ಚಹಾಕ್ಕಾದರೆ ಇದನ್ನು ತರಿಸಲೇಬೇಡಿ. ಹಾಲಿನಲ್ಲಿ ಈ ಪರಿಮಳ ಮುಳುಗಿಹೋಗುತ್ತದೆ, ಅದಕ್ಕೆ ಅಸ್ಸಾಮಿನ ಸಿಟಿಸಿ, ಅಂದರೆ ಸಣ್ಣ ಹರಳುಗಳಂಥ ಟೀ ಪುಡಿಯೇ ಸರಿ. ಹಾಲಿಲ್ಲದ ಚಹಾ ನಿಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ, ಡಿಸೆಂಬರ್, ಜನವರಿಯ ಚಳಿಯಲ್ಲಿ ಕೊಯ್ದ ನೀಲಗಿರಿಯ ಎಲೆಚಹಾದಿಂದ ಆರಂಭಿಸಿ. ಡಾರ್ಜಿಲಿಂಗ್‌ನಷ್ಟು ದುಬಾರಿಯಲ್ಲದ ನೀಲಗಿರಿ ಚಹಾಗಳು ಸುಲಭವಾಗಿ ಸಿಗುತ್ತವೆ. ಅಲ್ಲಿಯೂ ತೋಟದ ಹೆಸರನ್ನು ಕೇಳಿಯೇ ಕೊಳ್ಳಿ.