ಕಾರಿನ ಬ್ಯಾಟರಿ ಪದೇ ಪದೇ ಡೌನ್: ಬದಲಾಯಿಸುವ ಮೊದಲು ಮೀಟರ್ ಹಿಡಿಯಿರಿ

"ಆರು ತಿಂಗಳಲ್ಲಿ ಇದು ಎರಡನೇ ಬ್ಯಾಟರಿ ಸಾರ್, ಮತ್ತೆ ಡೌನ್" ಎಂದು ಯಾರಾದರೂ ಬಂದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ದುಡ್ಡು ಸುಮ್ನೆ ಹೋಯ್ತು ಅಲ್ವಾ? ಬ್ಯಾಟರಿಗೆ ವಯಸ್ಸಾಗಿರಬಹುದು, ಚಾರ್ಜಿಂಗ್ ಸರಿಯಿಲ್ಲದಿರಬಹುದು, ಇಲ್ಲವೇ ಗಾಡಿ ನಿಂತಾಗಲೂ ಯಾವುದೋ ಕರೆಂಟ್ ಎಳೆಯುತ್ತಿರಬಹುದು. ಮೂರರಲ್ಲಿ ಯಾವುದು ಎಂದು ತಿಳಿಯದೆ ಹೊಸದು ಹಾಕಬೇಡಿ.

ಮೊದಲ ಎರಡನ್ನು ಮಲ್ಟಿಮೀಟರಿನಲ್ಲಿ (ವೋಲ್ಟ್, ಆಂಪಿಯರ್ ಅಳೆಯುವ ಮೀಟರ್) ನೋಡಲು ಹತ್ತು ನಿಮಿಷ ಸಾಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಸ್ಟಾರ್ಟ್ ಮಾಡುವ ಮೊದಲು, ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ. ತುಂಬಿದ್ದರೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯೇ ಸೋತಿದೆ. ಚಾರ್ಜಿಂಗ್ ಸರಿಯಿದ್ದರೆ ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಟರ್ಮಿನಲ್ ಕೈಯಲ್ಲಿ ಅಲುಗಾಡುತ್ತಿದ್ದರೆ, ಬಿಳಿ ಪುಡಿ ಕಟ್ಟಿದ್ದರೆ, ಮೊದಲು ಅದನ್ನು ಸರಿಮಾಡಿ.

ಸಮಯ ತಿನ್ನುವುದು ಮೂರನೆಯದು. ಇಗ್ನಿಷನ್ ಆಫ್ ಮಾಡಿ, ನೆಗೆಟಿವ್ ವೈರ್ ಬಿಚ್ಚಿ, ಮಲ್ಟಿಮೀಟರನ್ನು 10 ಆಂಪಿಯರ್‌ಗೆ ಇಟ್ಟು ವೈರಿಗೂ ಟರ್ಮಿನಲ್ಲಿಗೂ ನಡುವೆ ಸೇರಿಸಿ. ಆ ಸ್ಥಿತಿಯಲ್ಲಿ ಸೆಲ್ಫ್ ಮುಟ್ಟಲೇಬೇಡಿ, ಮೀಟರಿನ ಫ್ಯೂಸ್ ಹಾರಿಹೋಗುತ್ತದೆ. ಶುರುವಿನಲ್ಲಿ ಜಾಸ್ತಿ ಕರೆಂಟ್ ಕಂಡರೆ ಗಾಬರಿ ಬೇಡ. ಗಾಡಿಯ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆ, ಕೆಲವಕ್ಕೆ ಒಂದು ಗಂಟೆಯೂ ಬೇಕು. ಕೀಲಿಯನ್ನು ದೂರ ಇಡಿ. ಆಮೇಲೆ 50 ಮಿಲಿಆಂಪಿಯರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಒಂದು ಗಾಡಿ ದಿನಾ ಓಡಿಸಿದರೆ ಚೆನ್ನಾಗಿರುತ್ತಿತ್ತು, ಮೂರು ದಿನ ನಿಂತರೆ ಸತ್ತುಹೋಗುತ್ತಿತ್ತು. ಮೀಟರ್ 0.4 ಆಂಪಿಯರ್ ತೋರಿಸಿತು. ಅಂದರೆ ದಿನಕ್ಕೆ ಹತ್ತಿರ ಹತ್ತಿರ 10 ಆಂಪಿಯರ್-ಅವರ್. 45 ಆಂಪಿಯರ್-ಅವರ್ ಹಿಡಿಯುವ ಬ್ಯಾಟರಿ ಎಷ್ಟು ದಿನ ತಡೆದೀತು? ಕರೆಂಟ್ ಯಾವ ಕಡೆ ಹೋಗುತ್ತಿದೆ ಎಂದು ಹುಡುಕಲು ನಾನು ಫ್ಯೂಸ್ ಕೀಳುವುದಿಲ್ಲ. ಕಿತ್ತು ಹಾಕಿದರೆ ಮಲಗಿದ ಕಂಪ್ಯೂಟರ್ ಎದ್ದುಬಿಡುತ್ತದೆ, ಲೆಕ್ಕವೆಲ್ಲ ತಪ್ಪುತ್ತದೆ. ಹೆಚ್ಚಿನ ಫ್ಯೂಸುಗಳ ಬೆನ್ನ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿರುತ್ತವೆ. ಇನ್ನೊಂದು ಮೀಟರನ್ನು ಮಿಲಿವೋಲ್ಟಿಗಿಟ್ಟು ಅಲ್ಲಿ ಮುಟ್ಟಿಸಿದರೆ ಸಾಕು. ಸೊನ್ನೆ ಬಂದರೆ ಕರೆಂಟ್ ಹರಿಯುತ್ತಿಲ್ಲ. ಒಳಗಿನ ದೀಪಗಳ ಫ್ಯೂಸಿನಲ್ಲಿ ಮಾತ್ರ ಅಂಕಿ ಕಂಡಿತು. ಫೋನಿನಲ್ಲಿ ವಿಡಿಯೊ ಆನ್ ಮಾಡಿ, ಡ್ಯಾಶ್‌ಬೋರ್ಡಿನ ಖಾನೆಯೊಳಗಿಟ್ಟು ಮುಚ್ಚಿದೆ. ತೆಗೆದು ನೋಡಿದರೆ, ಮುಚ್ಚಿದ ಮೇಲೂ ಒಳಗೆ ದೀಪ ಉರಿಯುತ್ತಲೇ ಇತ್ತು. ಮುಚ್ಚಳದಲ್ಲಿ ಸ್ವಿಚ್ ಒತ್ತುವ ಪ್ಲಾಸ್ಟಿಕ್ ಚೂರು ಮುರಿದಿತ್ತು, ಅಷ್ಟೇ. ಡಿಕ್ಕಿಯ ದೀಪವನ್ನೂ ಹೀಗೇ ನೋಡಬಹುದು. ಆಮೇಲೆ ಹಾಕಿಸಿದ ಕ್ಯಾಮೆರಾ, ಟ್ರ್ಯಾಕರ್, ಮ್ಯೂಸಿಕ್ ಸಿಸ್ಟಂ ಮೇಲೂ ನನಗೆ ಯಾವಾಗಲೂ ಅನುಮಾನ.

ಎಲ್ಲ ಫ್ಯೂಸೂ ಸೊನ್ನೆ, ಆದರೂ ಕರೆಂಟ್ ಹೋಗುತ್ತಿದೆಯೇ? ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಮೇಲೆ ಕೈಯಿಡಿ. ಅದೊಂದೇ ಬೆಚ್ಚಗಿದ್ದರೆ ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹೋಗಿರುವ ಸಾಧ್ಯತೆ ಹೆಚ್ಚು. ಅದರ ದಪ್ಪ ವೈರ್ ಸಾಮಾನ್ಯವಾಗಿ ಈ ಸಣ್ಣ ಫ್ಯೂಸುಗಳ ಮೂಲಕ ಹಾಯುವುದಿಲ್ಲ, ಅದಕ್ಕೇ ಕಣ್ಣು ತಪ್ಪಿಸುತ್ತದೆ.

ಕಾರಣ ಸಿಕ್ಕ ಮೇಲೆ ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿ ಪೂರ್ತಿ ತುಂಬಿಸಿ. ಬೇರೆ ಬ್ಯಾಟರಿಯಿಂದ ಜಂಪ್ ಸ್ಟಾರ್ಟ್ ಮಾಡಿ ಒಂದು ಸುತ್ತು ಓಡಿಸಿದರೆ ಅದು ತುಂಬುವುದಿಲ್ಲ. ತುಂಬಿಸಿದ ಮರುದಿನ ಬೆಳಿಗ್ಗೆ ಮತ್ತೊಮ್ಮೆ ಮೀಟರ್ ಹಿಡಿಯಿರಿ.