ಅತ್ತೆಯ ಮಾತ್ರೆ, ಮಾವನ ಸೊಂಟ

ನಮ್ಮತ್ತೆಗೆ ಸರ್ಪಸುತ್ತು ಆಗಿತ್ತು. ಗುಳ್ಳೆ ಒಣಗಿ ಮೂರು ತಿಂಗಳಾದರೂ ಪಕ್ಕೆಯ ಉರಿ ಹೋಗಲಿಲ್ಲ. ಸೆರಗು ತಾಗಿದರೂ ಕೆಂಡ ಇಟ್ಟ ಹಾಗೆ. ಪ್ಯಾರಾಸಿಟಮಾಲ್ ನುಂಗಿದ್ದಷ್ಟೇ ಬಂತು. ಕೊನೆಗೆ ಡಾಕ್ಟರು ಗ್ಯಾಬಪೆಂಟಿನ್ ಬರೆದುಕೊಟ್ಟರು. ಕೆಲವು ವಾರಗಳಲ್ಲಿ ಅತ್ತೆ ನೆಮ್ಮದಿಯಾಗಿ ಸೀರೆ ಉಡುವಂತಾದರು.

ಇದು ಮೊದಲು ಬಂದದ್ದು ಮೂರ್ಛೆರೋಗಕ್ಕೆ. ಅಮೆರಿಕದಲ್ಲಿ 1993ರಲ್ಲಿ ಅದಕ್ಕೇ ಒಪ್ಪಿಗೆ ಸಿಕ್ಕಿದ್ದು. ಸರ್ಪಸುತ್ತಿನ ನಂತರದ ನೋವಿಗೆ 2002ರಲ್ಲಿ. ಇದರ ತಮ್ಮ ಪ್ರೆಗಾಬಲಿನ್ 2004ರಲ್ಲಿ ಬಂತು. ಮಿದುಳನ್ನು ತಣ್ಣಗಿಡುವ ಗಾಬಾ ಎಂಬ ರಾಸಾಯನಿಕದ ಅಚ್ಚಿನಲ್ಲಿ ಮಾಡಿದ ಔಷಧ ಈ ಗ್ಯಾಬಪೆಂಟಿನ್. ತಮಾಷೆ ಅಂದರೆ, ಗಾಬಾ ಕೂರುವ ಜಾಗದಲ್ಲಿ ಇದು ಕೂರುವುದೇ ಇಲ್ಲ! ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ಬಾಗಿಲಿಗೆ ಅಂಟಿಕೊಳ್ಳುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ ನೋವಿನ ಸುದ್ದಿ ಮುಂದಿನ ನರಕ್ಕೆ ದಾಟುವುದೂ ಕಡಿಮೆ. ಕೆಟ್ಟ ನರ ಸುಮ್‌ಸುಮ್ನೆ ಕೂಗುತ್ತಿದ್ದರೆ ಇದು ಉಪಯೋಗಕ್ಕೆ ಬರುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಉರಿ, ಜೋಮು ಇಂಥದ್ದೇ. ಆದರೂ ಅತ್ತೆಯ ಅದೃಷ್ಟ ಎಲ್ಲರಿಗಿಲ್ಲ. ಸರ್ಪಸುತ್ತಿನ ಪ್ರಯೋಗಗಳಲ್ಲಿ ನೋವು ಅರ್ಧಕ್ಕಿಳಿದದ್ದು ಹತ್ತರಲ್ಲಿ ಸುಮಾರು ಮೂವರಿಗೆ. ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ಹತ್ತರಲ್ಲಿ ಸುಮಾರು ಇಬ್ಬರಿಗೆ ಇಳಿದಿತ್ತು.

ಇನ್ನು ಮಾವನ ಕತೆ. ಅವರಿಗೆ ಸೊಂಟದಿಂದ ಕಾಲಿಗೆ ಇಳಿಯುವ ನೋವು. ‘ನಂದೂ ನರದ್ದೇ ಅಲ್ವಾ’ ಅಂತ ಅತ್ತೆಯ ಸ್ಟ್ರಿಪ್ಪಿನಿಂದ ಎರಡು ನುಂಗಿದರು. ಬೆಳಗ್ಗೆ ಹಾಲಿಗೆ ಹೊರಟವರು ತಲೆಸುತ್ತಿ ಗೇಟು ಹಿಡಿದು ನಿಂತರು. ಅವರ ತರ್ಕವೇನೋ ಸರಿಯಾಗೇ ಇತ್ತು. ಆದರೆ 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗದಲ್ಲಿ ಇಂಥದ್ದೇ ಕಾಲುನೋವಿಗೆ ಪ್ರೆಗಾಬಲಿನ್ ಕೊಟ್ಟರೆ, ಹುಸಿ ಮಾತ್ರೆಗಿಂತ ಜಾಸ್ತಿಯಾದದ್ದು ತಲೆಸುತ್ತು ಮಾತ್ರ.

ನೋವು ಹೋಗಲಿಲ್ಲ ಅಂತ ಎರಡರ ಬದಲು ನಾಲ್ಕು ನುಂಗುವವರೂ ಇದ್ದಾರೆ. ಗ್ಯಾಬಪೆಂಟಿನ್ನನ್ನು ಕರುಳಿನಿಂದ ರಕ್ತಕ್ಕೆ ದಾಟಿಸುವ ವ್ಯವಸ್ಥೆ ಸೀಟು ತುಂಬಿದ ಬಸ್ಸಿನ ಹಾಗೆ. ದಿನಕ್ಕೆ 900 ಮಿಲಿಗ್ರಾಂ ತಗೊಂಡರೆ ಸುಮಾರು 60 ಶೇಕಡಾ ಒಳಗೆ ಹೋಗುತ್ತದೆ. 3600 ತಗೊಂಡರೆ ಮೂರರಲ್ಲಿ ಒಂದು ಪಾಲು.

ಒಳಗೆ ಹೋದದ್ದು ಹೊರಬರುವುದು ಮೂತ್ರಪಿಂಡದ ಮೂಲಕವೇ. ಅದು ಸೋತಿದ್ದರೆ ಔಷಧ ಮೈಯಲ್ಲೇ ಉಳಿಯುತ್ತದೆ, ಡೋಸ್ ಇಳಿಸಬೇಕು. ಮಂಪರು, ಕಾಲು ಊತ, ತೂಕ ಏರುವುದು ಸಾಮಾನ್ಯ. ನಿಜವಾದ ಭಯ ಬೇರೆ ಇದೆ. ಟ್ರಮಡಾಲ್‌ನಂಥ ಅಫೀಮು ವರ್ಗದ ನೋವಿನ ಮಾತ್ರೆ, ನಿದ್ದೆ ಮಾತ್ರೆ ಅಥವಾ ಮದ್ಯದ ಜೊತೆ ಸೇರಿದರೆ ಉಸಿರೇ ನಿಧಾನವಾಗಬಹುದು. ಅಮೆರಿಕದ ಔಷಧ ನಿಯಂತ್ರಕರು 2019ರಲ್ಲಿ ಎಚ್ಚರಿಸಿದ್ದು ಇದನ್ನೇ. ಅಮಲಿಗಾಗಿ ನುಂಗುವವರು ಹೆಚ್ಚಿದ್ದರಿಂದ ಬ್ರಿಟನ್ ಅದೇ ವರ್ಷ ಗ್ಯಾಬಪೆಂಟಿನ್, ಪ್ರೆಗಾಬಲಿನ್ ಎರಡನ್ನೂ ನಿಯಂತ್ರಿತ ಪಟ್ಟಿಗೆ ಹಾಕಿತು.

ಅತ್ತೆಯ ಡೋಸನ್ನು ಡಾಕ್ಟರು ಈಗ ವಾರವಾರ ಇಳಿಸುತ್ತಿದ್ದಾರೆ. ಒಮ್ಮೆಲೇ ಬಿಟ್ಟರೆ ನಿದ್ದೆ ಕೆಡುತ್ತದೆ, ಬೆವರುತ್ತದೆ, ಕೆಲವರಿಗೆ ಫಿಟ್ಸೂ ಬರಬಹುದು. ಸ್ಟ್ರಿಪ್ ಈಗ ಅತ್ತೆಯ ಬೀರುವಿನಲ್ಲಿದೆ. ಬೀಗದ ಕೈ ಅವರ ಸೊಂಟದಲ್ಲಿ.